ಬಿದ್ದದ್ದು ಸರಿ, ಮೀಸೆ ಮಣ್ಣಾಯಿತೇ?

ಶನಿವಾರ ರಾತ್ರಿ ಹನ್ನೊಂದೂವರೆ. ಬೆಳಗಾವಿಯ ನಮ್ಮ ಹಾಸ್ಟೆಲ್ ರೂಮಿನಲ್ಲಿ ಐದು ಜನ ನೆಲದ ಮೇಲೆ ಕೂತಿದ್ದೆವು. ನಡುವೆ ಒಂದು ನೋಟ್‌ಬುಕ್, ಇಪ್ಪತ್ತು ಮುಖದ ಒಂದು ದಾಳ, ಅರ್ಧ ಖಾಲಿಯಾದ ಚುರುಮುರಿ ಪೊಟ್ಟಣ. ಕತೆಯಲ್ಲಿ ನನ್ನ ಪಾತ್ರ ಒಬ್ಬ ಪೈಲ್ವಾನ. ಅರಮನೆಯ ಬಾಗಿಲಲ್ಲಿ ನಮ್ಮ ಆಯುಧಗಳನ್ನೆಲ್ಲ ಕಿತ್ತಿಟ್ಟುಕೊಂಡು ಒಳಗೆ ಬಿಟ್ಟಿದ್ದರು. ಎದುರಿಗೆ ಕತ್ತಿ ಹಿಡಿದ ಕಾವಲುಗಾರ. ‘ಅಂವನ ಸೊಂಟಕ್ಕ ಕೈ ಹಾಕಿ ಹಿಡದೆ’ ಅಂದೆ. ದಾಳ ಉರುಳಿಸಿದೆ. ಹದಿನೆಂಟು ಬಿತ್ತು. ಕೂತಲ್ಲೇ ತೊಡೆ ತಟ್ಟಿದೆ.

ಆಟ ನಡೆಸುತ್ತಿದ್ದ ಮಂಡ್ಯದ ಗೆಳೆಯ ಪುಸ್ತಕ ನೋಡಿ ತಣ್ಣಗೆ ಹೇಳಿದ: ‘ಸರಿ ಕಣೋ, ಹಿಡ್ಕೊಂಡೆ. ಇನ್ಮೇಲೆ ಅವನ ವೇಗ ಸೊನ್ನೆ. ಈಗ ಅವನ ಸರದಿ. ಕತ್ತಿ ಬೀಸ್ತಾನೆ.’

‘ಲೇ, ನಾ ಹಿಡದೀನಿ ಅಂದ್ಯಾ ಇಲ್ಲೋ? ಹಿಡದ ಮ್ಯಾಲೆ ಅಂವ ಕತ್ತಿ ಹೆಂಗ ಬೀಸತಾನ?’

‘ಪುಸ್ತಕದಲ್ಲಿ ವೇಗ ಸೊನ್ನೆ ಅಂತ ಅಷ್ಟೇ ಇದೆ. ಕೈ ಆಡಬಾರದು ಅಂತ ಎಲ್ಲಿದೆ, ತೋರ್ಸು.’

ತೋರಿಸಲು ಆಗಲಿಲ್ಲ. ಇರಲೇ ಇಲ್ಲ. ಆ ರಾತ್ರಿ ಎರಡು ಗಂಟೆಯವರೆಗೆ ಜಗಳ ನಡೆಯಿತು. ವಾರ್ಡನ್ ಬಂದು ಲೈಟ್ ಆರಿಸಿದ ಮೇಲೂ ಪಿಸುಮಾತಿನಲ್ಲಿ ನಡೆಯಿತು. ಆಟದ ಒಂದು ಜಗಳದಿಂದ ಶುರುವಾದದ್ದು ಕೊನೆಗೆ ನಾನು ಎರಡು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಒಂದು ಸುಳ್ಳಿನ ತನಕ ಬಂದು ನಿಂತಿತು. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ದಾಳ, ಪುಸ್ತಕ ಮತ್ತು ಮುಷ್ಟಿ

ಗೊತ್ತಿಲ್ಲದವರಿಗೆ ಈ ಆಟದ ಬಗ್ಗೆ ಎರಡು ಮಾತು. ಇದು ಮೊಬೈಲಿನಲ್ಲಿ ಆಡುವುದಲ್ಲ. ನಾಲ್ಕೈದು ಜನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಬಾಯಿಂದಲೇ ಕತೆ ಕಟ್ಟುತ್ತಾ ಹೋಗುವುದು. ಒಬ್ಬ ಆಟ ನಡೆಸುತ್ತಾನೆ. ಕಾವಲುಗಾರ, ರಾಜ, ಹುಲಿ, ಮಳೆ ಎಲ್ಲವೂ ಅವನೇ. ‘ನಾನು ಗೋಡೆ ಹಾರುತ್ತೇನೆ’ ಎಂದರೆ ಹಾರಿದೆಯೋ ಬಿದ್ದೆಯೋ ಎಂಬುದನ್ನು ದಾಳ ಮತ್ತು ನಿಯಮದ ಪುಸ್ತಕ ಹೇಳುತ್ತವೆ. ಇಂಥ ಆಟಗಳಿಗೆಲ್ಲ ಹಿರಿಯಣ್ಣ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಅಮೆರಿಕದ ಇಬ್ಬರು 1974ರಲ್ಲಿ ಇದನ್ನು ಹೊರತಂದರು. ನಮ್ಮ ರೂಮಿನಲ್ಲಿದ್ದದ್ದು ಸೀನಿಯರ್ ಒಬ್ಬರು ಬಿಟ್ಟುಹೋದ 2014ರ ಆವೃತ್ತಿಯ ಪುಸ್ತಕ.

ಜಗಳವಾದ ಮರುದಿನದಿಂದ ನಾನು ಈ ನಿಯಮಗಳ ಬೆನ್ನು ಹತ್ತಿದೆ. ತಿಳಿದದ್ದೇನೆಂದರೆ, ಬರಿಗೈ ಕಾಳಗವನ್ನು ಹೇಗೆ ಬರೆಯುವುದು ಎಂಬುದು ಈ ಆಟಕ್ಕೆ ಮೊದಲಿನಿಂದಲೂ ಅಂಟಿದ ತಲೆನೋವು. 1979ರ ಪುಸ್ತಕದಲ್ಲಿ ಗುದ್ದುವುದು, ಹಿಡಿಯುವುದು, ಮೈಮೇಲೆ ಬಿದ್ದು ಕೆಡಹುವುದು ಎಂದು ಮೂರು ವಿಭಾಗ ಮಾಡಿ, ಒಂದೊಂದಕ್ಕೂ ಶೇಕಡಾವಾರು ಲೆಕ್ಕದ ಪಟ್ಟಿ ಕೊಟ್ಟಿದ್ದರು. ಒಂದು ಗುದ್ದು ಗುದ್ದಲು ಅಷ್ಟು ಕೂಡಿಸಿ ಕಳೆಯಬೇಕು. 2000ದ ಆವೃತ್ತಿಯಲ್ಲಿ ಒಬ್ಬನನ್ನು ಹಿಡಿಯಬೇಕೆಂದರೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಮೊದಲು ಅವನಿಗೆ ನಿನ್ನ ಮೇಲೆ ಒಂದು ಪುಕ್ಕಟೆ ಏಟು, ಆಮೇಲೆ ನೀನು ಅವನನ್ನು ಮುಟ್ಟಬೇಕು, ಆಮೇಲೆ ಇಬ್ಬರೂ ದಾಳ ಹಾಕಿ ಬಲ ಹೋಲಿಸಬೇಕು, ಆಮೇಲೆ ನೀನು ಅವನ ಜಾಗಕ್ಕೆ ಸರಿಯಬೇಕು. ಆಟದವರು ‘ಹಿಡೀತೀನಿ’ ಎಂದರೆ ಉಳಿದವರು ನಿಟ್ಟುಸಿರು ಬಿಟ್ಟು ಪುಸ್ತಕ ತೆರೆಯುತ್ತಿದ್ದರಂತೆ.

2014ರವರು ಇದನ್ನೆಲ್ಲ ಕಿತ್ತುಹಾಕಿ ಸರಳ ಮಾಡಿದರು. ಇಬ್ಬರೂ ಒಮ್ಮೆ ದಾಳ ಹಾಕಿ, ಗೆದ್ದರೆ ಎದುರಾಳಿಯ ವೇಗ ಸೊನ್ನೆ. ಮುಗಿಯಿತು. ಸರಳವೇನೋ ಆಯಿತು, ಆದರೆ ‘ಹಿಡಿತ’ ಎಂಬ ಪದದೊಳಗಿದ್ದ ಹಿಡಿತವೇ ಹೋಯಿತು. ನನ್ನ ಪೈಲ್ವಾನ ಹಿಡಿದದ್ದು ಕಾವಲುಗಾರನನ್ನಲ್ಲ, ಅವನ ಚಪ್ಪಲಿಯನ್ನು ಎಂಬಂತಾಯಿತು.

ಇನ್ನೊಂದು ತಮಾಷೆ ನೋಡಿ. ಆ ಪುಸ್ತಕದ ಮೊದಲ ಮುದ್ರಣಗಳಲ್ಲಿ ಬರಿಗೈ ಹೊಡೆತವನ್ನು ಆಯುಧಗಳ ಪಟ್ಟಿಯಲ್ಲೇ, ಕೊಡಲಿ ಭರ್ಜಿಗಳ ಜೊತೆಗೆ ಸೇರಿಸಿದ್ದರು. ಆಮೇಲೆ ತಿದ್ದುಪಡಿ ತಂದು ಪಟ್ಟಿಯಿಂದ ತೆಗೆದರು. ಕೈ ಆಯುಧವಲ್ಲ ಎಂದರು. ಆದರೆ ಕೈಯಿಂದ ಹೊಡೆಯುವುದು ‘ಆಯುಧದ ದಾಳಿ’ಯ ಲೆಕ್ಕಕ್ಕೆ ಬರುತ್ತದೆ, ‘ಆಯುಧದಿಂದ ಮಾಡಿದ ದಾಳಿ’ಯ ಲೆಕ್ಕಕ್ಕೆ ಬರುವುದಿಲ್ಲ ಎಂದರು! ನಮ್ಮ ಗುಂಪಿನಲ್ಲಿ ಶಿರಸಿಯವನೊಬ್ಬನಿದ್ದಾನೆ. ಅವನ ಪಾತ್ರ ದೇವರ ಭಕ್ತನಾದ ವೀರ. ಹೊಡೆದಾಗ ದೈವಶಕ್ತಿ ಸೇರಿಸಿ ಹೊಡೆಯಬಲ್ಲ. ಕತ್ತಿ ಕಿತ್ತುಕೊಂಡ ಮೇಲೆ ಮುಷ್ಟಿಯಿಂದ ಹೊಡೆದರೆ ದೈವಶಕ್ತಿ ಬರುತ್ತದೋ ಇಲ್ಲವೋ? ಅವನು ಒಂದು ವಾಕ್ಯ ತೋರಿಸಿ ‘ಬತ್ತು’ ಎನ್ನುತ್ತಿದ್ದ, ಮಂಡ್ಯದವನು ಅದರ ಮುಂದಿನ ವಾಕ್ಯ ತೋರಿಸಿ ‘ಬರಲ್ಲ’ ಎನ್ನುತ್ತಿದ್ದ. 2024ರ ಹೊಸ ಪುಸ್ತಕದಲ್ಲಿ ‘ಆಯುಧ ಅಥವಾ ಬರಿಗೈ’ ಎಂದು ಬಿಡಿಸಿ ಬರೆದು ಈ ವ್ಯಾಜ್ಯ ಮುಗಿಸಿದ್ದಾರೆ. ‘ಅಥವಾ’ ಎಂಬ ಒಂದು ಪದಕ್ಕೆ ಹತ್ತು ವರ್ಷ ಬೇಕಾಯಿತು.

ನಗಬೇಡಿ. ಕೈ ಎಲ್ಲಿ ಮುಗಿದು ಆಯುಧ ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆ ನಮ್ಮಲ್ಲೂ ಇದೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ಬೆಳಿಗ್ಗೆ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದಲ್ಲ, ಅಲ್ಲಿ ಬೆರಳಿಗೆ ಮುಳ್ಳುಮುಳ್ಳಾದ ವಜ್ರಮುಷ್ಟಿ ತೊಡುತ್ತಾರೆ. ಅದು ಕುಸ್ತಿಯೋ ಆಯುಧದ ಕಾಳಗವೋ? ಹೇಗೆ ಬೇಕಾದರೂ ಕರೆಯಿರಿ, ಮುಗಿಯುವುದು ಯಾವಾಗ ಎಂಬುದರಲ್ಲಿ ಮಾತ್ರ ಗೊಂದಲವಿಲ್ಲ. ತಲೆಯಿಂದ ರಕ್ತ ಚಿಮ್ಮಿದ್ದು ಕಂಡ ಕೂಡಲೇ ಕಾಳಗ ನಿಲ್ಲುತ್ತದೆ. ನಿಯಮ ಎಂದರೆ ಹಾಗಿರಬೇಕು ಎಂದು ನನಗನ್ನಿಸಿತು. ದೂರದಲ್ಲಿ ನಿಂತವನಿಗೂ ಕಾಣಬೇಕು.

ಡಬ್ಬ ಬಿದ್ದನೋ, ಅಂಗಾತ ಬಿದ್ದನೋ?

ನಮ್ಮೂರು ಚಿಮ್ಮಡ. ರಬಕವಿ-ಬನಹಟ್ಟಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ. ಸುತ್ತ ಕಬ್ಬು, ಮಗ್ಗದ ಸಪ್ಪಳ, ಪಕ್ಕದ ಮಹಾಲಿಂಗಪುರದ ಬೆಲ್ಲ. ಈ ಭಾಗದಲ್ಲಿ ಜಾತ್ರೆ ಅಂದರೆ ತೇರಿನಷ್ಟೇ ಕುಸ್ತಿಯೂ ಮುಖ್ಯ. ಹಲಗಿ ಬಡಿತ ಶುರುವಾದರೆ ಮನೆಯಲ್ಲಿ ಕೂತ ಮುದುಕರೂ ಕಣದ ಕಡೆ ಹೊರಡುತ್ತಾರೆ. ನಮ್ಮಜ್ಜ ಒಂದು ಕಾಲದಲ್ಲಿ ಸುತ್ತಲಿನ ಜಾತ್ರೆಗಳಲ್ಲಿ ಹೆಸರು ಮಾಡಿದ ಪೈಲ್ವಾನ. ನಾನೂ ಪಿಯುಸಿ ಮುಗಿಯುವವರೆಗೆ ತಾಲೀಮಿಗೆ ಹೋದವನೇ. ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಹಾಕಿ ಹದ ಮಾಡಿದ ಕೆಂಪು ಮಣ್ಣಿನ ವಾಸನೆ ಈಗಲೂ ಮೂಗಿನಲ್ಲಿದೆ.

ದೀಪಾವಳಿಗೆ ಊರಿಗೆ ಹೋದಾಗ ಅಜ್ಜನ ಮುಂದೆ ಪುಸ್ತಕದ ಜಗಳ ತೆಗೆದೆ. ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಅಜ್ಜ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದ: ‘ಹಿಡದ ಮ್ಯಾಲೂ ಅಂವ ಕತ್ತಿ ಬೀಸತಾನಂದ್ರ, ನೀ ಹಿಡದಿದ್ದರ ಏನಪಾ, ಅಂವನ ಅಂಗಿ ತುದೀನ?’

ಆಮೇಲೆ ನಾನು ಪುಸ್ತಕದ ಇನ್ನೊಂದು ನಿಯಮ ಓದಿದೆ. ಎದುರಾಳಿಯನ್ನು ತಳ್ಳಿ ಬೀಳಿಸಬಹುದು. ಬಿದ್ದವನಿಗೆ ಹೊಡೆಯುವುದು ಕಷ್ಟ, ಅವನನ್ನು ಹತ್ತಿರದಿಂದ ಹೊಡೆಯುವುದು ಸುಲಭ. ಹಿಡಿದು ಬೀಳಿಸಿದರೆ ಇನ್ನೂ ಚೆಂದ. ಏಳಲು ವೇಗ ಖರ್ಚಾಗಬೇಕು, ಅವನ ವೇಗ ಸೊನ್ನೆ, ಹಾಗಾಗಿ ಏಳುವಂತೆಯೇ ಇಲ್ಲ. ಇದನ್ನು ಕಂಡುಹಿಡಿದಾಗ ನನಗೆ ಪ್ರೋಗ್ರಾಂ ಒಂದು ಎರರ್ ಇಲ್ಲದೆ ಓಡಿದಷ್ಟು ಖುಷಿಯಾಗಿತ್ತು. ಅಜ್ಜ ಕೇಳಿದ: ‘ಬಿದ್ದ ಅಂದ್ರ ಹೆಂಗ ಬಿದ್ದ? ಡಬ್ಬ ಬಿದ್ದನೋ, ಅಂಗಾತ ಬಿದ್ದನೋ?’

ಪುಸ್ತಕ ಮತ್ತೆ ತಿರುವಿ ಹಾಕಿದೆ. ಅಲ್ಲಿ ಒಂದೇ ಪದ ಇತ್ತು: ‘ಪ್ರೋನ್’. ಇಂಗ್ಲಿಷ್ ನಿಘಂಟು ತೆಗೆದರೆ ಆ ಪದದ ಮೂಲ ಅರ್ಥ ಬೋರಲು, ಅಂದರೆ ಅಜ್ಜನ ಭಾಷೆಯಲ್ಲಿ ಡಬ್ಬ. ಆದರೆ ಆಟದ ಪುಸ್ತಕದಲ್ಲಿ ಹೇಗೆ ಬಿದ್ದರೂ ಅದೇ ಪದ. ಅಂಗಾತ ಬಿದ್ದವನಿಗೂ ಅದೇ, ಬೋರಲು ಬಿದ್ದವನಿಗೂ ಅದೇ.

‘ಹಂಗಾದ್ರ ಅದ ಬರದಾಂವ ಕುಸ್ತಿ ನೋಡಿಲ್ಲ ಬಿಡು’ ಎಂದ ಅಜ್ಜ ಎಲೆ ಬಾಯಿಗಿಟ್ಟುಕೊಂಡ.

ಆ ಮಾತಿನಲ್ಲಿ ಇಡೀ ಕುಸ್ತಿಯೇ ಇದೆ. ಮಣ್ಣಿನ ಕುಸ್ತಿಯಲ್ಲಿ ಡಬ್ಬ ಬಿದ್ದವನಿಗೆ ಏನೂ ಆಗಿಲ್ಲ. ಬೇಕೆಂದೇ ಡಬ್ಬ ಬೀಳುತ್ತಾರೆ, ಹೊಟ್ಟೆ ನೆಲಕ್ಕೆ ಅಂಟಿಸಿ ಗಂಟೆಗಟ್ಟಲೆ ಕಾಯುತ್ತಾರೆ. ಮೇಲಿದ್ದವನು ಘಿಸ್ಸಾ ಹಾಕಿ ಹೊರಳಿಸಲು ಬೆವರು ಸುರಿಸುತ್ತಾನೆ. ಅಂಗಾತವಾಗಿ ಎರಡೂ ಹೆಗಲು ಮಣ್ಣಿಗೆ ಹತ್ತಿದರೆ ಮಾತ್ರ ಚಿತ್. ಅಲ್ಲಿಗೆ ಮುಗಿಯಿತು. ಅಂಕವಿಲ್ಲ, ಎರಡನೇ ಸುತ್ತಿಲ್ಲ. ‘ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆಯನ್ನು ನಾವು ಸೋತರೂ ಒಪ್ಪದವರನ್ನು ಚುಚ್ಚಲು ಬಳಸುತ್ತೇವೆ. ಅದನ್ನು ಒಬ್ಬ ಪೈಲ್ವಾನನ ಕಿವಿಯಿಂದ ಕೇಳಿ ನೋಡಿ. ಅಂಗಾತ ಬಿದ್ದವನ ಮೀಸೆಗೆ ಮಣ್ಣು ಹತ್ತುವುದೇ ಇಲ್ಲ! ಹತ್ತಬೇಕೆಂದರೆ ಡಬ್ಬ ಬೀಳಬೇಕು, ಡಬ್ಬ ಬಿದ್ದವನು ಸೋತಿಲ್ಲ. ಸೋತ ಜಟ್ಟಿ ಹೇಳಿದ್ದು ನಿಜವೇ, ಆದರೆ ನಿಯಮ ಇದ್ದದ್ದು ಮೀಸೆಯ ಮೇಲಲ್ಲ, ಬೆನ್ನಿನ ಮೇಲೆ.

ಕತ್ತಿಯ ಏಟನ್ನು ಬರೆಯುವುದು ಸುಲಭ, ಹಿಡಿತವನ್ನು ಬರೆಯುವುದು ಕಷ್ಟ. ಏಕೆ ಎಂದು ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಯಾಗಿ ನನಗೆ ಹೊಳೆದದ್ದು ಇಷ್ಟು. ಕತ್ತಿಯ ಏಟು ಒಂದು ಘಟನೆ. ಬಿತ್ತು ಅಥವಾ ತಪ್ಪಿತು, ಒಂದು ಸಂಖ್ಯೆ ಬರೆದರೆ ಸಾಕು. ಹಿಡಿತ ಹಾಗಲ್ಲ. ಅದು ಇಬ್ಬರ ನಡುವೆ ನಡೆಯುತ್ತಲೇ ಇರುವ ಸ್ಥಿತಿ. ಯಾವಾಗ ಶುರುವಾಯಿತು, ಇದ್ದಾಗ ಯಾರು ಏನು ಮಾಡಬಹುದು, ಯಾವಾಗ ಬಿಟ್ಟಿತು, ಬಿಟ್ಟಿತು ಎಂದು ಹೇಳುವವರು ಯಾರು? ಇಷ್ಟನ್ನೂ ಬರೆಯಬೇಕು. ಬರೆಯದಿದ್ದರೆ ಬರೆಯದ ಜಾಗದಲ್ಲೇ ಜಗಳ ಹುಟ್ಟುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂದು ಒಂದು ಭಾಗವನ್ನೇ ಮೀಸಲಿಟ್ಟ. ನಮಗೆ ಹತ್ತಿರದ ರನ್ನಬೆಳಗಲಿಯ ರನ್ನ ಕವಿ ಗದಾಯುದ್ಧದ ಕತೆಯನ್ನೇ ಕಾವ್ಯ ಮಾಡಿದ. ಆ ಕತೆಯ ಗಂಟು ಕೂಡ ಒಂದು ನಿಯಮವೇ. ನಾಭಿಯಿಂದ ಕೆಳಗೆ ಹೊಡೆಯಬಾರದು, ಭೀಮ ತೊಡೆಗೆ ಹೊಡೆದ. ಗೆದ್ದದ್ದು ಸರಿ, ಗೆದ್ದ ರೀತಿ ಸರಿಯೇ ಎಂದು ಜನ ಇವತ್ತಿಗೂ ಕೇಳುತ್ತಿದ್ದಾರೆ.

ಮ್ಯಾಟಿನ ಅಂಚು

ಇನ್ನು ನನ್ನ ಸುಳ್ಳಿನ ವಿಷಯಕ್ಕೆ ಬರುತ್ತೇನೆ.

ಬಿಇ ಮೊದಲ ವರ್ಷದಲ್ಲಿ ನಾನು ಕುಸ್ತಿ ತಂಡದ ಆಯ್ಕೆಗೆ ಹೋಗಿದ್ದೆ. ಆಯ್ಕೆಯಾದರೆ ಮುಂದಿನ ಹಂತದ ಟೂರ್ನಿ, ಪ್ರಮಾಣಪತ್ರ. ರೈಲ್ವೆ, ಸೇನೆಯಂಥ ಕಡೆ ಕ್ರೀಡಾ ಕೋಟಾ ಇರುತ್ತದೆಂದು ಅಪ್ಪನಿಗೂ ಆಸೆ ಇತ್ತು. 65 ಕೆ.ಜಿ. ವಿಭಾಗ. ನಾನು ಅದುವರೆಗೆ ಆಡಿದ್ದೆಲ್ಲ ಮಣ್ಣಿನ ಮೇಲೆ. ಮ್ಯಾಟ್ ಹತ್ತಿದ್ದು ಬೆರಳೆಣಿಕೆಯಷ್ಟು ಸಲ. ನಿಯಮಗಳ ಹಾಳೆಯನ್ನು ಇಂಗ್ಲಿಷಿನಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿದ್ದರು. ನಾನು ಓದಲಿಲ್ಲ. ಕುಸ್ತಿಗೆ ಎಂಥ ಓದು?

ಮೊದಲ ನಿಮಿಷದಲ್ಲೇ ಎದುರಾಳಿಯ ಕಾಲು ಹಿಡಿದು ಕೆಡವಿ ಹಿಂದಕ್ಕೆ ಹೋದೆ. ಎರಡು ಅಂಕ. ಆಮೇಲೆ ಅವನು ನನ್ನನ್ನು ಕೆಡವಲೇ ಇಲ್ಲ, ಕೆಡವುವ ಪ್ರಯತ್ನವನ್ನೂ ಹೆಚ್ಚು ಮಾಡಲಿಲ್ಲ. ಬರೀ ನೂಕುತ್ತಿದ್ದ. ನಾನು ಹಿಂದೆ ಸರಿಯುತ್ತಾ, ಸರಿಯಾದ ಪಟ್ಟಿಗಾಗಿ ಕಾಯುತ್ತಿದ್ದೆ. ಊರ ಕಣದಲ್ಲಿ ಅಂಚಿಗೆ ಬಂದರೆ ಪಂಚರು ಬೆನ್ನು ತಟ್ಟಿ ನಡುವಿಗೆ ಕರೆತರುತ್ತಾರೆ, ಮತ್ತೆ ಕೈ ಕೂಡುತ್ತದೆ. ಇಲ್ಲೂ ಹಾಗೆಯೇ ನಡುವಿಗೆ ಕರೆತಂದರು. ಮೂರು ಸಲ. ಸೀಟಿ ಊದಿದಾಗ ರೆಫ್ರಿ ಅವನ ಕೈ ಮೇಲೆತ್ತಿದರು. 3–2.

ನನ್ನ ಬೆನ್ನು ಮ್ಯಾಟಿಗೆ ಹತ್ತಿರಲಿಲ್ಲ. ನಾನು ಬಿದ್ದೇ ಇರಲಿಲ್ಲ. ಬಿದ್ದವನು ಅವನು. ಗೆದ್ದವನೂ ಅವನು.

ಮನೆಗೆ ಫೋನ್ ಮಾಡಿ ಹೇಳಿದೆ: ‘ಮೋಸ ಮಾಡ್ಯಾರ. ಅಂವ ಅವರ ಪೈಕಿ ಹುಡುಗ ಇರಬೇಕು.’ ಇದಕ್ಕೆ ನನ್ನ ಹತ್ತಿರ ಯಾವ ಆಧಾರವೂ ಇರಲಿಲ್ಲ. ಆದರೆ ಹೇಳಿದೆ. ಅಜ್ಜ ನಂಬಿದ. ನಂಬಿ ಕಟ್ಟೆಯಲ್ಲಿ, ಚಹಾದಂಗಡಿಯಲ್ಲಿ, ತಾಲೀಮಿನಲ್ಲಿ ಎಲ್ಲರ ಮುಂದೆ ಹೇಳಿದ. ‘ನಮ್ಮ ಹುಡುಗನ ಬೆನ್ನಿಗೆ ಧೂಳ ಹತ್ತಿಲ್ಲ, ಸೋಲಿಸಿ ಕಳಿಸ್ಯಾರ.’ ನಾನು ಕುಸ್ತಿ ಬಿಟ್ಟೆ. ಲಂಗೋಟಿ ಟ್ರಂಕಿನ ತಳಕ್ಕೆ ಹೋಯಿತು. ಮೋಸ ಮಾಡುವವರ ಜೊತೆ ಯಾರು ಆಡುತ್ತಾರೆ ಎಂದು ಕೇಳಿದವರಿಗೆಲ್ಲ ಹೇಳಿದೆ.

ಎರಡು ವರ್ಷದ ನಂತರ, ದಾಳದ ಆಟಕ್ಕೆ ಒಳ್ಳೆಯ ಕುಸ್ತಿ ನಿಯಮ ಬರೆಯಬೇಕೆಂದು ಹಠ ಹಿಡಿದು ಕೂತಾಗ, ಯುನೈಟೆಡ್ ವರ್ಲ್ಡ್ ರೆಸ್ಲಿಂಗ್‌ನ ನಿಯಮಾವಳಿಯನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ಫ್ರೀಸ್ಟೈಲ್‌ನಲ್ಲಿ ಮೂರು ಮೂರು ನಿಮಿಷದ ಎರಡು ಅವಧಿ, ನಡುವೆ 30 ಸೆಕೆಂಡ್ ಬಿಡುವು. ಎದುರಾಳಿಯನ್ನು ಕೆಡವಿ ಹಿಂದಿನಿಂದ ಹತೋಟಿಗೆ ತಂದರೆ 2 ಅಂಕ. ನಿಂತಲ್ಲಿಂದ ಎತ್ತಿ ಬೆನ್ನು ಅಪಾಯಕ್ಕೆ ಬರುವಂತೆ ಒಗೆದರೆ 4, ಎತ್ತರದಿಂದ ದೊಡ್ಡ ವೃತ್ತದಲ್ಲಿ ತಿರುಗಿಸಿ ಒಗೆದರೆ 5. ಹತ್ತು ಅಂಕದ ಅಂತರವಾದರೆ ಕುಸ್ತಿ ಅಲ್ಲಿಗೇ ಮುಗಿಯಿತು. ಒಂಬತ್ತು ಮೀಟರ್ ಅಗಲದ ವೃತ್ತದಿಂದ ಒಂದು ಪಾದ ಪೂರ್ತಿ ಹೊರಗೆ ಬಿದ್ದರೆ ಎದುರಾಳಿಗೆ 1 ಅಂಕ.

ಒಂದು ಅಂಕ. ಮೂರು ಸಲ ಹೊರಗೆ ಕಾಲಿಟ್ಟಿದ್ದೆ. ಒಂದು, ಎರಡು, ಮೂರು.

ಹಾಸ್ಟೆಲಿನ ಮಹಡಿ ಮೆಟ್ಟಿಲ ಮೇಲೆ ಕೂತು ಅದನ್ನು ಮತ್ತೆ ಮತ್ತೆ ಓದಿದೆ. ಎದುರಾಳಿ ಜಾಣ, ನಿಯಮ ಓದಿದ್ದ. ನಾನು ಹಿಂದೆ ಸರಿಯುವವನು ಎಂದು ಗೊತ್ತಾದ ಕೂಡಲೇ ನೂಕಲು ಶುರುಮಾಡಿದ್ದ. ಎರಡೇ ಸಲ ಹೊರಗೆ ಹೋಗಿದ್ದರೆ 2–2 ಆಗುತ್ತಿತ್ತು. ಸಮವಾದಾಗ ದೊಡ್ಡ ಅಂಕದ ಪಟ್ಟು ಹಾಕಿದವನಿಗೆ ಗೆಲುವು ಎಂದೂ ಅದೇ ನಿಯಮಾವಳಿಯಲ್ಲಿದೆ. ಆಗ ನಾನೇ ಗೆಲ್ಲುತ್ತಿದ್ದೆ. ರೆಫ್ರಿ ಮೋಸ ಮಾಡಿರಲಿಲ್ಲ. ಗೋಡೆಯ ಮೇಲಿನ ಹಾಳೆಯಲ್ಲಿ ಅದೆಲ್ಲ ಇತ್ತು.

ಮ್ಯಾಟಿನವರು ಈ ಅಂಕಗಳನ್ನು ಸುಮ್ಮನೆ ತಂದದ್ದಲ್ಲ ಎಂಬುದೂ ಓದುತ್ತ ತಿಳಿಯಿತು. ನಮ್ಮ ಕಡೆ ನಿಕಾಲಿ ಕುಸ್ತಿ ಎನ್ನುತ್ತಾರೆ, ಮೈಸೂರು ಕಡೆ ಮಾರ್ಫಿಟ್ ಎನ್ನುತ್ತಾರೆ. ಒಬ್ಬ ಚಿತ್ ಆಗುವವರೆಗೂ ನಡೆಯುವ ಕುಸ್ತಿ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲೂ ಹೆಚ್ಚುಕಡಿಮೆ ಹಾಗೇ ಇತ್ತು. ಸೆಮಿಫೈನಲ್‌ನಲ್ಲಿ ಎಸ್ಟೋನಿಯಾದ ಮಾರ್ಟಿನ್ ಕ್ಲೈನ್ ಮತ್ತು ಫಿನ್ಲೆಂಡಿನ ಆಲ್ಫ್ರೆಡ್ ಅಸಿಕೈನೆನ್ 11 ಗಂಟೆ 40 ನಿಮಿಷ ಸೆಣಸಿದರು. ಗೆದ್ದ ಕ್ಲೈನ್ ಎಷ್ಟು ದಣಿದಿದ್ದನೆಂದರೆ ಫೈನಲ್ ಆಡಲೇ ಇಲ್ಲ. ಬೆನ್ನು ನೆಲಕ್ಕೆ ಹತ್ತಬೇಕು ಎಂಬ ಒಂದೇ ವಾಕ್ಯದ ನಿಯಮ ಸುಂದರ, ಆದರೆ ಅದು ಸಮಯ ಕೇಳುತ್ತದೆ. ಸಮಯ ಕಟ್ಟಿಹಾಕಿದರೆ ಉಳಿದದ್ದನ್ನೆಲ್ಲ ಬರೆಯಬೇಕು. ಬರೆದ ಮೇಲೆ ಓದಬೇಕು.

ಓದುವವರು, ಓದಿ ಹೇಳುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮಗೆ ಹತ್ತಿರದ ಉದಾಹರಣೆ ಖಾಶಾಬಾ ಜಾಧವ್. ಸಾತಾರಾ ಜಿಲ್ಲೆಯ ಹುಡುಗ, ಕೊಲ್ಹಾಪುರದಲ್ಲಿ ಓದಿ ಪಳಗಿದವರು. 1948ರಲ್ಲಿ ಲಂಡನ್‌ಗೆ ಹೋದಾಗ ಮ್ಯಾಟೂ ಹೊಸದು, ಅಂತರರಾಷ್ಟ್ರೀಯ ನಿಯಮಗಳೂ ಹೊಸವು. ಆದರೂ ಆರನೇ ಸ್ಥಾನ. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಅಲ್ಲಿ ಜಪಾನಿನ ಇಶಿ ಜೊತೆ ದೀರ್ಘ ಕುಸ್ತಿ ಮುಗಿಸಿದ ಬೆನ್ನಲ್ಲೇ ಅವರನ್ನು ಸೋವಿಯತ್ ಕುಸ್ತಿಪಟುವಿನ ಎದುರು ಇಳಿಸಿದರು. ಎರಡು ಕುಸ್ತಿಗಳ ನಡುವೆ 30 ನಿಮಿಷ ವಿಶ್ರಾಂತಿ ಕೊಡಬೇಕೆಂಬ ನಿಯಮವಿತ್ತು, ಅದನ್ನು ಎತ್ತಿ ವಾದಿಸಲು ಅಲ್ಲಿ ಭಾರತದ ಅಧಿಕಾರಿ ಯಾರೂ ಇರಲಿಲ್ಲ ಎಂದು ಅವರ ಕತೆ ಹೇಳುವವರೆಲ್ಲ ನೆನೆಯುತ್ತಾರೆ. ದಣಿದ ಜಾಧವ್ ಸೋತರು. ನಿಜವಾಗಿ ಅನ್ಯಾಯವಾದದ್ದು ಅವರಿಗೆ. ನನಗಲ್ಲ.

ಅಜ್ಜನ ಮುಂದೆ

ಮುಂದಿನ ವಾರ ಮಹಾಲಿಂಗಪುರದ ಕಡೆಯ ಬಸ್ ಹತ್ತಿ ಊರಿಗೆ ಹೋದೆ. ಅಜ್ಜನಿಗೆ ಎಲ್ಲ ಹೇಳಿದೆ. ನಿಯಮ ಏನಿತ್ತು, ನಾನು ಎಷ್ಟು ಸಲ ಗೆರೆ ದಾಟಿದೆ, ಹಾಳೆ ಗೋಡೆ ಮೇಲೆ ಇದ್ದರೂ ಓದಿರಲಿಲ್ಲ ಎಂದೂ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ. ಬಹಳ ಹೊತ್ತು ಸುಮ್ಮನೆ ಕೂತ.

‘ನೀ ಸೋತಿದ್ದಕ್ಕ ನನಗೇನೂ ಬ್ಯಾಸರಿಲ್ಲ’ ಎಂದ ಕೊನೆಗೆ. ‘ಕುಸ್ತಿ ಅಂದ ಮ್ಯಾಲೆ ಒಬ್ಬಾಂವ ಸೋಲಬೇಕ. ಆದ್ರ ಆ ರೆಫ್ರಿ ಯಾರೋ ಏನೋ, ಮಾರೀನೂ ನೋಡಿಲ್ಲ. ಎರಡ ವರ್ಷ ಆ ಮನಷ್ಯಾನ್ನ ಊರ ತುಂಬ ಬೈದೀನಲ್ಲೋ. ನಾನೂ ಜಾತ್ರ್ಯಾಗ ಪಂಚಕಿ ಮಾಡಿದಾಂವ.’

ಅದಕ್ಕಿಂತ ಒಂದು ಏಟು ಹೊಡೆದಿದ್ದರೆ ಚೆನ್ನಾಗಿತ್ತು. ಮರುದಿನ ಬೆಳಿಗ್ಗೆ ಅಜ್ಜ ನನ್ನನ್ನು ತಾಲೀಮಿಗೆ ಕರೆದುಕೊಂಡು ಹೋದ. ಹುಡುಗರು, ವಸ್ತಾದರು ಎಲ್ಲ ಇದ್ದರು. ‘ಹೇಳು’ ಅಂದ. ಹೇಳಿದೆ. ಬೆನ್ನಿಗೆ ಮಣ್ಣು ಹತ್ತಿದ್ದು ನನಗೆ ಅವತ್ತೇ.

ನಂತರ ದಾಳದ ಆಟದ ನಿಯಮಕ್ಕೆ ಅಜ್ಜನನ್ನೇ ಪಂಚನನ್ನಾಗಿ ಮಾಡಿಕೊಂಡೆ. ನಾನು ಬರೆದ ಮೊದಲ ಕರಡು: ‘ಎರಡೂ ಹೆಗಲು ನೆಲಕ್ಕೆ ಹತ್ತಿದರೆ ಚಿತ್.’ ಫೋನಿನಲ್ಲಿ ಓದಿ ಹೇಳಿದ ಕೂಡಲೇ ಶಿರಸಿಯವನು ತೂತು ಹುಡುಕಿದ: ‘ನಾನು ಅವನನ್ನು ಹೊತ್ತು ಒಗೆಯುವಾಗ ನನ್ನ ಹೆಗಲೇ ಮೊದಲು ನೆಲಕ್ಕೆ ತಾಗಿದರೆ? ನಾನೇ ಸೋತೆನೋ?’ ಢಾಕ್ ಹಾಕುವವರಿಗೆ ಗೊತ್ತು, ಹಾಗೆ ಆಗುತ್ತದೆ. ಅಜ್ಜನನ್ನು ಕೇಳಿದೆ. ಯೋಚಿಸದೆ ಹೇಳಿದ: ‘ಹಿಡಿತ ಯಾರದೈತಿ ಅನ್ನೂದ ನೋಡಬೇಕು. ಹಿಡಿತ ಇದ್ದಾಂವ ಹೊರಳಿದ್ರ ಅದು ಪಟ್ಟ. ಹಿಡಿತ ಇಲ್ಲದಾಂವ ಹೊರಳಿದ್ರ ಅದು ಚಿತ್.’

ನಾನು ಬೆರಗಾದೆ. ಅಂತರರಾಷ್ಟ್ರೀಯ ನಿಯಮಾವಳಿಯೂ ಅದನ್ನೇ ಹೇಳುತ್ತದೆ. ಎದುರಾಳಿಯ ಹಿಡಿತದಲ್ಲಿ ಎರಡೂ ಹೆಗಲು ಮ್ಯಾಟಿಗೆ ಹತ್ತಿರಬೇಕು, ಪೂರ್ತಿ ಹತೋಟಿ ಇದೆಯೆಂದು ರೆಫ್ರಿಗೆ ಕಾಣುವಷ್ಟು ಹೊತ್ತು. ಶಾಲೆಯ ಮೂರನೇ ಇಯತ್ತೆ ದಾಟದ ಅಜ್ಜನೂ, ಸ್ವಿಟ್ಜರ್ಲೆಂಡಿನಲ್ಲಿ ಕಚೇರಿ ಇರುವ ಸಂಸ್ಥೆಯೂ ಒಂದೇ ಕಡೆ ಬಂದು ನಿಂತಿದ್ದರು. ಒಬ್ಬರು ಬರೆದಿದ್ದರು, ಒಬ್ಬರು ಬರೆದಿರಲಿಲ್ಲ ಅಷ್ಟೇ.

ಕೊನೆಗೆ ನಮ್ಮ ಆಟದ ನಿಯಮ ಹೀಗಾಯಿತು. ಒಂದು: ಹಿಡಿತ ಇರುವವರೆಗೆ ಇಬ್ಬರೂ ಜಾಗ ಬಿಡುವಂತಿಲ್ಲ, ಮೊಳಕ್ಕಿಂತ ಉದ್ದದ ಆಯುಧ ಬೀಸುವಂತಿಲ್ಲ. ಎರಡು: ಬಿದ್ದವನು ಡಬ್ಬ ಬಿದ್ದನೋ ಅಂಗಾತ ಬಿದ್ದನೋ ಎಂದು ಆಟ ನಡೆಸುವವನು ಹೇಳಲೇಬೇಕು. ಮೂರು: ಎದುರಾಳಿಯ ಹಿಡಿತದಲ್ಲಿರುವಾಗ ಎರಡೂ ಹೆಗಲು ಒಟ್ಟಿಗೆ ನೆಲಕ್ಕೆ ಹತ್ತಿದರೆ ಮಾತ್ರ ಚಿತ್. ನಾಲ್ಕು: ಹಿಡಿತ ಯಾರದು ಎಂಬ ಅನುಮಾನ ಬಂದರೆ ದಾಳದಲ್ಲಿ ಕೊನೆಗೆ ಗೆದ್ದವನದು. ಮಂಡ್ಯದ ಗೆಳೆಯ ಓದಿ, ‘ಇದರಲ್ಲಿ ಜಗಳ ಆಡಕ್ಕೆ ಏನೂ ಉಳಿದಿಲ್ವಲ್ಲೋ’ ಎಂದು ಬೇಜಾರು ಮಾಡಿಕೊಂಡ. ಇದಕ್ಕಿಂತ ದೊಡ್ಡ ಬಿರುದು ಬೇಕೇ?

ಆಟದ ನಿಯಮಕ್ಕಿಂತ ಮುಖ್ಯವಾದದ್ದು ಇನ್ನೊಂದು ಹಾಳೆ. ಮ್ಯಾಟ್ ಕುಸ್ತಿಯ ಅಂಕಗಳನ್ನು ನಮ್ಮ ಮಾತಿನಲ್ಲಿ, ಒಂದೇ ಪುಟದಲ್ಲಿ, ದಪ್ಪ ಅಕ್ಷರದಲ್ಲಿ ಬರೆದು ತಾಲೀಮಿನ ಗೋಡೆಗೆ ಅಂಟಿಸಿದೆ. ಮೊದಲ ಸಾಲು: ‘ಗೆರೆ ದಾಟಿದ್ರ ಒಂದ ಅಂಕ ಹೋತು. ಪಂಚರು ನಡುವಿಗೆ ಕರಕೊಂಡ ಬಂದ್ರಂತ ಖುಷಿ ಪಡಬ್ಯಾಡ್ರಿ.’ ನನ್ನ ಕಾಕಾನ ಮಗ ಹತ್ತನೇ ತರಗತಿ. ಈ ವರ್ಷ ಆಯ್ಕೆ ಕುಸ್ತಿಗೆ ಹೋಗಿದ್ದ. ಸೋತು ಬಂದ. ಅಂಕ ಎಷ್ಟು ಎಂದು ಕೇಳಿದೆ. ‘ಆರು–ನಾಕ. ಒಂದ ಸಲಾನೂ ಗೆರೆ ದಾಟಿಲ್ಲ ಅಣ್ಣಾ. ಅಂವ ಕೆಡವಿದ್ದು ಮೂರ ಸಲ, ನಾ ಕೆಡವಿದ್ದು ಎರಡ ಸಲ. ಅಂವ ನನಗಿಂತ ಜೋರದಾನ’ ಎಂದ. ಯಾರನ್ನೂ ಬೈಯಲಿಲ್ಲ. ಮರುದಿನ ಬೆಳಿಗ್ಗೆ ಐದಕ್ಕೇ ಎದ್ದು ತಾಲೀಮಿಗೆ ಹೋದ.

ನಾವು ಕೆಲಸ ಹುಡುಕುವ ವಯಸ್ಸಿನವರು. ಅಧಿಸೂಚನೆಯಲ್ಲಿ ‘ಅಥವಾ ತತ್ಸಮಾನ’ ಎಂದಿರುತ್ತದೆ, ‘ಕೊನೆಯ ದಿನಾಂಕಕ್ಕೆ ಪೂರೈಸಿರಬೇಕು’ ಎಂದಿರುತ್ತದೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವುದಾಗಿ ಮೂಲೆಯಲ್ಲಿ ಬರೆದಿರುತ್ತದೆ. ಓದದೆ ಒಳಗೆ ಇಳಿದು, ಹೊರಗೆ ಬಂದು ‘ಎಲ್ಲ ಮೊದಲೇ ಫಿಕ್ಸ್ ಆಗಿತ್ತು’ ಎನ್ನುವುದು ಸುಲಭ. ಎಲ್ಲ ಕಡೆ ನ್ಯಾಯವೇ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಜಾಧವ್ ಅವರಿಗೆ ಆದದ್ದು ಯಾರಿಗೂ ಆಗಬಹುದು. ಆದರೆ ಅನ್ಯಾಯವಾಗಿದೆ ಎಂದು ಎದೆ ತಟ್ಟಿ ಹೇಳಲಿಕ್ಕೂ ನಿಯಮ ಏನಿತ್ತು ಎಂದು ಗೊತ್ತಿರಬೇಕಲ್ಲ?

ಟ್ರಂಕಿನ ತಳದಿಂದ ಲಂಗೋಟಿ ಮೇಲೆ ಬಂದಿದೆ. ಎರಡು ವರ್ಷದಲ್ಲಿ ಹೊಟ್ಟೆ ಬೆಳೆದಿದೆ, 65 ಕೆ.ಜಿ. ವಿಭಾಗ ಈಗ ದೂರದ ಮಾತು. ರಜೆಗೆ ಹೋದಾಗ ಹುಡುಗರ ಜೊತೆ ಕೈ ಕೂಡಿಸುತ್ತೇನೆ. ಮೊನ್ನೆ ಕಾಕಾನ ಮಗ ನನ್ನನ್ನು ಕೆಡವಿದ. ಅಜ್ಜ ಕಟ್ಟೆಯಿಂದಲೇ ಕೂಗಿ ಕೇಳಿದ: ‘ಡಬ್ಬ ಏನೋ, ಅಂಗಾತ?’

‘ಅಂಗಾತ’ ಎಂದೆ, ಬಿದ್ದಲ್ಲಿಂದಲೇ.